ಪೆಟ್ಟಿಗೆ ತಯಾರಾಗಿದೆ, ಜೇನು ಬರುವ ಮುಂಚೆ ಏನು ಮಾಡಬೇಕು?

ಪ್ರಶ್ನೆ: ಪಾಂಡವಪುರದ ಹತ್ತಿರ ನಮಗೆ ಒಂದೂವರೆ ಎಕರೆ ತೆಂಗಿನ ತೋಟ ಇದೆ. ಸುತ್ತ ಕಬ್ಬು, ಭತ್ತ. ಊರಿನ ಬಡಗಿಯಿಂದ ತುಡುವೆಗೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಎರಡು ಪೆಟ್ಟಿಗೆ ಮಾಡಿಸಿ, ಒಳಗೂ ಹೊರಗೂ ಹಸಿರು ಬಣ್ಣ ಹೊಡೆಸಿದ್ದೇವೆ. ಇನ್ನು ಮೂರು ವಾರಕ್ಕೆ ಜೇನು ಕುಟುಂಬ ಬರುತ್ತದೆ. ಅಷ್ಟರಲ್ಲಿ ಏನೇನು ಮಾಡಿಕೊಳ್ಳಬೇಕು?
– ರೈತ ಮಹಿಳೆ

ಉತ್ತರ: ಮೂರು ವಾರ ಕೈಯಲ್ಲಿರುವುದು ಒಳ್ಳೆಯದಾಯಿತು ತಾಯಿ. ಮೊದಲು ಒಳಗಿನ ಬಣ್ಣವನ್ನು ಪೂರ್ತಿ ಕೆರೆಸಿಬಿಡಿ. ಮನೆ ಹಿಡಿಸದಿದ್ದರೆ ಸಹಿಸಿಕೊಂಡು ಕೂರುವ ಸ್ವಭಾವ ತುಡುವೆಗಿಲ್ಲ, ರಾಣಿ ಸಮೇತ ಇಡೀ ಸಂಸಾರ ಎದ್ದು ಹೋಗುತ್ತದೆ. ಹೊರಗಿನ ಬಣ್ಣ ಇರಲಿ, ಮಳೆಗೆ ಮರ ಉಬ್ಬುವುದಿಲ್ಲ. ಕೆರೆದ ಮೇಲೆ ಮುಚ್ಚಳ ತೆಗೆದು ನೆರಳಲ್ಲಿ ಗಾಳಿಗಿಡಿ. ಪೆಟ್ಟಿಗೆಯೊಳಗೆ ಮುಖ ಇಟ್ಟರೆ ಪೇಂಟ್ ಅಲ್ಲ, ಮರದ ವಾಸನೆ ಬರಬೇಕು.

ಆಮೇಲೆ ಸಂದಿನ ಅಳತೆ. ಪೆಟ್ಟಿಗೆ ಜೇನಿನ ಜೀವವೇ ಇಲ್ಲಿದೆ. ಎರಿ (ಜೇನಿನ ಮೇಣದ ಹಲ್ಲೆ) ಕಟ್ಟಲು ಒಳಗೆ ಇಳಿಬಿಡುವ ಮರದ ಚೌಕಟ್ಟಿಗೂ ಪೆಟ್ಟಿಗೆಯ ಗೋಡೆಗೂ ನಡುವೆ, ಒಂದು ಚೌಕಟ್ಟಿಗೂ ಇನ್ನೊಂದಕ್ಕೂ ನಡುವೆ ಸುಮಾರು 8 ಮಿ.ಮೀ. ಸಂದು ಇರಬೇಕು. ಅದಕ್ಕಿಂತ ಕಿರಿದಾದರೆ ಜೇನುನೊಣ ಓಡಾಡಲಾರದು, ಅಗಲವಾದರೆ ಖಾಲಿ ಜಾಗ ಎಂದು ಅಡ್ಡಾದಿಡ್ಡಿ ಎರಿ ಕಟ್ಟುತ್ತದೆ. ಸ್ಕೇಲ್ ಬೇಕಿಲ್ಲ, ಮಕ್ಕಳ ಪೆನ್ಸಿಲ್ ಸಾಕು. ಪೆನ್ಸಿಲ್ ಸಲೀಸಾಗಿ ಹೋಗಬೇಕು, ಕಿರುಬೆರಳು ಹೋಗಬಾರದು. ಊರಿನ ಬಡಗಿಗಳು ಬಾಗಿಲು, ಕಿಟಕಿ ಅಚ್ಚುಕಟ್ಟಾಗಿ ಮಾಡುತ್ತಾರೆ. ಈ ಅಳತೆ ಅವರಿಗೆ ಅಭ್ಯಾಸವಿರುವುದಿಲ್ಲ. ನನ್ನ ಮೊದಲ ಪೆಟ್ಟಿಗೆಯಲ್ಲಿ ಅಂಚಿನ ಸಂದು ಹೆಬ್ಬೆರಳಷ್ಟಿತ್ತು. ತಿಂಗಳಾದ ಮೇಲೆ ಚೌಕಟ್ಟು ಎತ್ತಿದರೆ ಮೂರು ಎರಿ ಒಂದಕ್ಕೊಂದು ಅಂಟಿಕೊಂಡು ಹರಿದವು, ಬಿಳಿ ಮರಿಗಳು ತಳಹಲಗೆಯ ಮೇಲೆ ಉದುರಿದವು. ಆ ಕುಟುಂಬ ಮೂರನೇ ದಿನ ಹೊರಟುಹೋಯಿತು. ನಿಮಗೆ ಹಾಗಾಗುವುದು ಬೇಡ. ಇವತ್ತೇ ಅಳೆದು, ತಪ್ಪಿದ್ದರೆ ಬಡಗಿಯನ್ನು ಮತ್ತೆ ಕರೆಸಿ.

ಬಿರುಕುಗಳನ್ನೂ ಈಗಲೇ ಮುಚ್ಚಿ. ತುಡುವೆ ಮರದ ಅಂಟು ತಂದು ಬಿರುಕು ಮೆತ್ತುವ ಜಾತಿಯಲ್ಲ, ಆ ಕೆಲಸ ನಮ್ಮದೇ. ಬಿಟ್ಟರೆ ಮೇಣದ ಚಿಟ್ಟೆ ಅಲ್ಲೇ ಮೊಟ್ಟೆ ಇಡುತ್ತದೆ, ಅದರ ಹುಳು ಎರಿ ತಿನ್ನುತ್ತದೆ. ಜೇನುಮೇಣ ಬೆಚ್ಚಗೆ ಮಾಡಿ ಬಿರುಕಿಗೆ ತುಂಬಿ, ಉಳಿದದ್ದನ್ನು ಒಳಗೋಡೆಗೆ ತೆಳ್ಳಗೆ ಉಜ್ಜಿ. ಆ ವಾಸನೆಗೆ ನೊಣಗಳು ನೆಲೆ ನಿಲ್ಲುತ್ತವೆ. ಪ್ರತಿ ಚೌಕಟ್ಟಿನ ಮೇಲ್ಪಟ್ಟಿಯ ಅಡಿಗೆ ಕಣಗಳ ಅಚ್ಚೊತ್ತಿದ ಒಂದು ಅಂಗುಲದ ಮೇಣದ ಹಾಳೆ ಅಂಟಿಸಿದರೆ ಎರಿ ನೇರ ಇಳಿಯುತ್ತದೆ. ತುಡುವೆಗೆ ತುಡುವೆಯ ಹಾಳೆಯೇ ಆಗಬೇಕು, ಯುರೋಪಿಯನ್ ಜೇನಿನ ಹಾಳೆಯಲ್ಲಿ ಕಣ ದೊಡ್ಡದು. ಬೇರೆಯವರ ಹಳೇ ಎರಿ ಪುಕ್ಕಟೆ ಸಿಕ್ಕರೂ ತರಬೇಡಿ, ಜೊತೆಗೆ ರೋಗವೂ ಬರಬಹುದು. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಗುಡಿಸಿ ಹಾಕಿತ್ತು.

ನೆಲದಿಂದ ಎರಡಡಿ ಎತ್ತರದ ಸ್ಟ್ಯಾಂಡ್ ಮಾಡಿಸಿ, ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡಿ. ತೋಟದಲ್ಲಿ ಇರುವೆ ಕಾಟ ಇದ್ದೇ ಇರುತ್ತದೆ. ತೆಂಗಿನ ಗರಿ ಸ್ಟ್ಯಾಂಡಿಗೆ ತಾಗಿದ್ದರೆ ಬಟ್ಟಲು ಇಟ್ಟೂ ಪ್ರಯೋಜನವಿಲ್ಲ. ಕಾಯಿ, ಗರಿ ಬೀಳುವ ಜಾಗ ಬಿಟ್ಟು ಮರದ ನೆರಳಲ್ಲಿ, ಬಾಗಿಲು ಮೂಡಲಿಗೆ ಮಾಡಿ, ಮುಂದಕ್ಕೆ ಚೂರು ಬಾಗಿಸಿ ಇಡಿ. ಮಳೆ ನೀರು ಒಳಗೆ ನಿಲ್ಲುವುದಿಲ್ಲ.

ಕಬ್ಬಿನಿಂದ ಜೇನಿಗೆ ಹೆಚ್ಚೇನೂ ಸಿಗದು. ತೆಂಗಿನ ಹೊಂಬಾಳೆ ವರ್ಷವಿಡೀ ಕೈಹಿಡಿಯುತ್ತದೆ, ಬೇಸಿಗೆಗೆ ಬೇಲಿಯ ಹೊಂಗೆ, ಬೇವು ಇದ್ದರೆ ಚಿಂತೆಯಿಲ್ಲ. ಪಕ್ಕದ ಗದ್ದೆಯವರಿಗೆ ಈಗಲೇ ಹೇಳಿಡಿ, ಔಷಧಿ ಹೊಡೆಯುವ ಹಿಂದಿನ ಸಂಜೆ ಒಂದು ಮಾತು ತಿಳಿಸಲಿ. ಅವತ್ತು ಕತ್ತಲಾದ ಮೇಲೆ ಬಾಗಿಲಿಗೆ ಜಾಲರಿ ಕಟ್ಟಬಹುದು.

ಕುಟುಂಬ ಬರುವುದು ಸಂಜೆಯಾಗಲಿ. ಅಳತೆಗೆ ಅಳತೆ ಸಕ್ಕರೆ, ನೀರು ಕಲಸಿದ ಪಾಕ ಒಳಗೇ ಇಡಿ, ಹೊರಗೆ ಒಂದು ಹನಿಯೂ ಚೆಲ್ಲಬಾರದು. ನಾಲ್ಕೈದು ದಿನ ಬಾಗಿಲಿಗೆ ರಾಣಿ ತಡೆ (ಉಳಿದ ನೊಣಗಳನ್ನು ಬಿಟ್ಟು ರಾಣಿಯನ್ನು ಮಾತ್ರ ತಡೆಯುವ ಪಟ್ಟಿ) ಹಾಕಿ, ಹೊಸ ಎರಿ ಇಳಿದದ್ದು ಕಂಡ ಮೇಲೆ ತೆಗೆಯಿರಿ. ಅಲ್ಲಿಯ ತನಕ ದಿನಾ ಮುಚ್ಚಳ ಎತ್ತಿ ನೋಡಬೇಡಿ. ಕಾಲಲ್ಲಿ ಪರಾಗದ ಉಂಡೆ ಕಟ್ಟಿಕೊಂಡು ನೊಣಗಳು ಒಳಗೆ ಹೋಗುತ್ತಿದ್ದರೆ ಮನೆ ಒಪ್ಪಿದೆ ಎಂದೇ ಅರ್ಥ.

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆಯ ತಾರಸಿ ಮೇಲೆ ಒಂದು ಪೆಟ್ಟಿಗೆ ಇಡಬಹುದೇ?

ಉತ್ತರ: ಇಡಬಹುದು, ಮಧ್ಯಾಹ್ನದ ನೆರಳಿದ್ದರೆ ಮಾತ್ರ. ಮಾರ್ಚ್, ಏಪ್ರಿಲ್‌ನಲ್ಲಿ ತಾರಸಿಯ ಕಾವಿಗೆ ಎರಿ ಮೆತ್ತಗಾಗಿ ಜೋತುಬೀಳುತ್ತದೆ. ಮೇಲೆ ಗರಿಯ ಚಪ್ಪರ ಹಾಕಿ. ಅಗಲದ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ ನೀರು ತುಂಬಿಡಿ. ಜೇನು ಬರುವ ವಾರ ಮೊದಲೇ ಇಟ್ಟರೆ ಪಕ್ಕದ ಮನೆಯ ನಲ್ಲಿ ಹುಡುಕಿಕೊಂಡು ಹೋಗುವುದು ಕಡಿಮೆಯಾಗುತ್ತದೆ. ಆ ಮನೆಯವರನ್ನೂ ಒಮ್ಮೆ ಕೇಳಿ, ಯಾರಿಗಾದರೂ ಜೇನು ಕಡಿದರೆ ಅಲರ್ಜಿ ಆಗುವುದುಂಟೇ ಎಂದು.