ಊರಿಗೆ ಕರೆದೊಯ್ದು ಚಟ ಬಿಡಿಸಬಹುದೇ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. 24 ವರ್ಷದ ಮಗ ಫೆಂಟನಿಲ್ (ಅಫೀಮಿನಂತೆ ಕೆಲಸ ಮಾಡುವ, ಅತಿ ತೀಕ್ಷ್ಣವಾದ ಕೃತಕ ಮಾದಕ) ಬೆರೆತ ನೀಲಿ ಮಾತ್ರೆಗಳ ಚಟಕ್ಕೆ ಬಿದ್ದಿದ್ದ. ಐದು ತಿಂಗಳಿಂದ ಚಟದ ಚಿಕಿತ್ಸೆಗೆಂದು ಬ್ಯುಪ್ರೆನಾರ್ಫಿನ್-ನಲಾಕ್ಸೋನ್ ಎಂಬ ಔಷಧ ತೆಗೆದುಕೊಳ್ಳುತ್ತಿದ್ದಾನೆ, ದಿನಕ್ಕೆ 16 ಮಿ.ಗ್ರಾಂ. ಈಗ ಕೆಲಸಕ್ಕೂ ಹೋಗುತ್ತಿದ್ದಾನೆ. ಆದರೆ ‘ಇದೂ ಅಫೀಮಿನ ಜಾತಿಯದೇ, ಒಂದು ಚಟ ಹೋಗಿ ಇನ್ನೊಂದು ಬಂತು’ ಎನ್ನುತ್ತಾರೆ ನಮ್ಮ ಭಾವ. ಮೂರು ವಾರ ಊರಿಗೆ ಬರುವಾಗ ಔಷಧ ನಿಲ್ಲಿಸಿ, ಅಲ್ಲೇ ಒಂದು ವ್ಯಸನಮುಕ್ತಿ ಶಿಬಿರಕ್ಕೆ ಸೇರಿಸೋಣವೇ?

ಉತ್ತರ: ಬೇಡ ತಾಯಿ, ಖಂಡಿತ ಬೇಡ. ಈ ಪ್ರಶ್ನೆ ಹೆಚ್ಚುಕಮ್ಮಿ ಇದೇ ಮಾತಿನಲ್ಲಿ ಬರುತ್ತಲೇ ಇದೆ. ಪ್ರತಿ ಸಲವೂ ಓದಿದಾಗ ಎದೆ ಧಸಕ್ಕೆನ್ನುತ್ತದೆ.

ಫೆಂಟನಿಲ್‌ಗೆ ಒಗ್ಗಿದ ಮೈ ಅದನ್ನು ತಾಳಿಕೊಳ್ಳುವುದನ್ನು ಕಲಿತಿರುತ್ತದೆ. ಮೂರು ವಾರ ಎಲ್ಲವನ್ನೂ ನಿಲ್ಲಿಸಿದರೆ ಆ ತಾಳಿಕೆ ಹೋಗುತ್ತದೆ, ಆಸೆ ಹೋಗುವುದಿಲ್ಲ. ವಾಪಸು ಬಂದ ವಾರ ಹಳೆಯ ಗೆಳೆಯ ಸಿಕ್ಕರೆ ಹುಡುಗ ಹಿಂದಿನಷ್ಟೇ ನುಂಗುತ್ತಾನೆ, ಉಸಿರು ನಿಲ್ಲುತ್ತದೆ. ಅವು ಕಳ್ಳ ತಯಾರಿಕೆಯ ಮಾತ್ರೆಗಳು, ಪುಡಿ ಸಮನಾಗಿ ಬೆರೆತಿರುವುದಿಲ್ಲ. ಒಂದರಲ್ಲಿ ಏನೂ ಇಲ್ಲದಿರಬಹುದು, ಪಕ್ಕದ್ದರಲ್ಲಿ 2 ಮಿ.ಗ್ರಾಂ ಇರಬಹುದು. ಉಪ್ಪಿನ ಕೆಲವೇ ಹರಳಿನಷ್ಟು ಅದು. ಪ್ರಾಣ ತೆಗೆಯಲು ಅಷ್ಟು ಸಾಕು.

ಬ್ಯುಪ್ರೆನಾರ್ಫಿನ್ ಅಫೀಮಿನ ಜಾತಿಯದ್ದು, ನಿಜ. ಆದರೆ ಮಿದುಳಿನಲ್ಲಿ ಫೆಂಟನಿಲ್ ಕೂರುವ ಜಾಗವನ್ನು ಇದು ಗಟ್ಟಿಯಾಗಿ ಹಿಡಿದು ಕೂರುತ್ತದೆ, ಕೆಲಸ ಮಾತ್ರ ಅರ್ಧಂಬರ್ಧ ಮಾಡುತ್ತದೆ. ಹಾಗಾಗಿ ಒಂದು ಮಿತಿಯಾಚೆ ಉಸಿರು ಇನ್ನಷ್ಟು ಕುಗ್ಗುವುದಿಲ್ಲ. (ಮದ್ಯ, ನಿದ್ದೆ ಮಾತ್ರೆ ಜೊತೆಗೆ ಸೇರಿದರೆ ಈ ಭರವಸೆ ಇಲ್ಲ.) ಸರಿಯಾದ ಪ್ರಮಾಣದಲ್ಲಿ ಮೈಕೈ ನೋವು, ಭೇದಿ, ನಿದ್ದೆಗೇಡು ಕಾಡುವುದಿಲ್ಲ, ಅಮಲೂ ಏರುವುದಿಲ್ಲ. ಚಿಕಿತ್ಸೆಯಲ್ಲಿ ಇರುವಷ್ಟು ಕಾಲ ಸಾವಿನ ಅಪಾಯ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಬಿಟ್ಟ ಮೊದಲ ನಾಲ್ಕು ವಾರಗಳಲ್ಲಿ ಮತ್ತೆ ಜಿಗಿಯುತ್ತದೆ. ಊರಿನ ಮೂರು ವಾರ, ವಾಪಸು ಬಂದ ಮೊದಲ ವಾರ, ಸರಿಯಾಗಿ ಅವೇ ಆ ನಾಲ್ಕು ವಾರಗಳು!

ನಿಮ್ಮ ಭಾವನ ಅನುಮಾನವನ್ನು ಅಮೆರಿಕ 20 ವರ್ಷ ಕಾನೂನಾಗಿಯೇ ಇಟ್ಟುಕೊಂಡಿತ್ತು. 2002ರಲ್ಲಿ ಈ ಔಷಧಕ್ಕೆ ಒಪ್ಪಿಗೆ ಸಿಕ್ಕರೂ ಬರೆದುಕೊಡಲು ವೈದ್ಯರಿಗೆ ಪ್ರತ್ಯೇಕ ಅನುಮತಿ ಬೇಕಿತ್ತು, ಇಷ್ಟೇ ರೋಗಿಗಳು ಎಂಬ ಮಿತಿಯೂ ಇತ್ತು. ಈ ಚಟದ ಹಾವಳಿಗೆ ಬೀಜ ಬಿತ್ತಿದ ಆಕ್ಸಿಕಾಂಟಿನ್ ಎಂಬ ಅಫೀಮು ಜಾತಿಯ ನೋವಿನ ಮಾತ್ರೆ ಬರೆಯಲು ಅಂಥ ಮಿತಿ ಇರಲಿಲ್ಲ. 2022ರ ಡಿಸೆಂಬರ್ ಕೊನೆಯಲ್ಲಿ ಆ ಕಟ್ಟಳೆ ರದ್ದಾಯಿತು. ಅಷ್ಟರಲ್ಲಿ ಎಷ್ಟು ಮನೆಗಳ ದೀಪ ಆರಿಹೋಗಿತ್ತು. ಸರ್ಕಾರ ಕೈಬಿಟ್ಟ ತಪ್ಪನ್ನು ನೀವು ಮನೆಯೊಳಗೆ ತಂದುಕೊಳ್ಳಬೇಡಿ.

ಊರಿಗೆ ಧಾರಾಳವಾಗಿ ಬನ್ನಿ, ಔಷಧದೊಂದಿಗೆ ಬನ್ನಿ. 8 ಮಿ.ಗ್ರಾಂ ಫಿಲ್ಮ್ (ನಾಲಿಗೆ ಕೆಳಗೆ ಕರಗಿಸುವ ತೆಳು ಹಾಳೆ) ದಿನಕ್ಕೆ ಎರಡಾದರೆ 21 ದಿನಕ್ಕೆ 42. ವಿಮಾನ ತಡವಾದೀತೆಂದು ನಾಲ್ಕು ದಿನದ್ದು ಸೇರಿಸಿ, 50 ಇರಲಿ. ಅಂಗಡಿಯ ಚೀಟಿ ಅಂಟಿಸಿದ ಮೂಲ ಪೆಟ್ಟಿಗೆ, ವೈದ್ಯರ ಚೀಟಿ, ರೋಗದ ಹೆಸರು ಮತ್ತು ಪ್ರಮಾಣ ಬರೆದ ಪತ್ರ, ಮೂರೂ ಕೈಚೀಲದಲ್ಲಿರಲಿ. ಭಾರತದಲ್ಲಿ ಇದು ಮಾದಕವಸ್ತು ಕಾಯ್ದೆಯಡಿ ಬರುವ ಔಷಧ, ಬೀದಿಯ ಮೆಡಿಕಲ್ ಶಾಪಿನಲ್ಲಿ ಕೊಂಡರಾಯಿತು ಎಂದುಕೊಳ್ಳಬೇಡಿ. ಇದಕ್ಕಿಂತ ಸುಲಭದ ದಾರಿಯೂ ಉಂಟು: ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಬ್ಯುಪ್ರೆನಾರ್ಫಿನ್ ಚುಚ್ಚುಮದ್ದು. ಹೊರಡುವ ಮುನ್ನ ಹಾಕಿಸಿಕೊಂಡರೆ ಪ್ರವಾಸ ಮುಗಿಯುವ ತನಕ ಚಿಂತೆಯಿಲ್ಲ. ಮೊದಲ ಸಲದ ಚುಚ್ಚುಮದ್ದಾದರೆ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ, ಸಾಕಷ್ಟು ಮೊದಲೇ ವೈದ್ಯರನ್ನು ಕೇಳಿ.

ಫಿಲ್ಮ್ ನಾಲಿಗೆ ಕೆಳಗೆ ಕರಗುವ ತನಕ, ಐದು-ಹತ್ತು ನಿಮಿಷ, ಮಾತು, ಕಾಫಿ ಎರಡೂ ಬೇಡ. ನುಂಗಿದ ಔಷಧದ ಬಹುಪಾಲನ್ನು ಯಕೃತ್ತು ಹಾಳುಮಾಡುತ್ತದೆ. ‘ಔಷಧ ಹಿಡಿಯುತ್ತಿಲ್ಲ’ ಎಂಬ ದೂರು ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ. ಕರಗಿದ ಮೇಲೆ ಬಾಯಿ ಮುಕ್ಕಳಿಸಲಿ, ಹಲ್ಲುಜ್ಜಲು ಒಂದು ಗಂಟೆ ಕಾಯಲಿ, ಇಲ್ಲವಾದರೆ ಹಲ್ಲು ಕೆಡಬಹುದು.

ಪ್ರಶ್ನೆ: ಊಟದಲ್ಲಿ ಗೊತ್ತಾಗದಂತೆ ಬೆರೆಸುವ ಚಟ ಬಿಡಿಸುವ ಪುಡಿ ತರಿಸಬಹುದೇ?

ಉತ್ತರ: ಅಂಥದ್ದನ್ನು ಮಾರುವವನು ವಂಚಕ, ಕದ್ದು ತಿನ್ನಿಸುವುದು ಅಪರಾಧ.

ಪ್ರಶ್ನೆ: ಫೆಂಟನಿಲ್ ಮುಟ್ಟಿದರೇ ಸಾಯುತ್ತಾರಂತೆ?

ಉತ್ತರ: ಇಲ್ಲ. ಕೈ ತೊಳೆದುಕೊಳ್ಳಿ, ಸಾಕು.

ಪ್ರಶ್ನೆ: ಇವರನ್ನೆಲ್ಲ ಜೈಲಿಗೆ ಹಾಕಿದರೆ ಬುದ್ಧಿ ಬರುವುದಿಲ್ಲವೇ?

ಉತ್ತರ: ಜೈಲಿನಲ್ಲೂ ತಾಳಿಕೆ ಹೋಗುತ್ತದೆ, ಬಿಡುಗಡೆಯಾದ ಮೊದಲೆರಡು ವಾರ ಅತಿ ಅಪಾಯದ ಕಾಲ. ರೋಡ್ ಐಲೆಂಡ್ ರಾಜ್ಯ 2016ರಲ್ಲಿ ಜೈಲಿನೊಳಗೇ ಚಟದ ಚಿಕಿತ್ಸೆಯ ಔಷಧ ಕೊಡತೊಡಗಿತು. ಹೊರಬಂದವರಲ್ಲಿ ಮಿತಿಮೀರಿದ ಸೇವನೆಯಿಂದ ಸತ್ತವರು 2016ರ ಮೊದಲ ಆರು ತಿಂಗಳಲ್ಲಿ 26, 2017ರ ಅದೇ ಅವಧಿಯಲ್ಲಿ 9.

ಪ್ರಶ್ನೆ: ಮನೆಯಲ್ಲಿ ನಾರ್ಕಾನ್ (ಮಿತಿಮೀರಿ ಸೇವಿಸಿದಾಗ ಉಸಿರು ಮರಳಿಸುವ, ಮೂಗಿಗೆ ಹಾಕುವ ನಲಾಕ್ಸೋನ್ ಸ್ಪ್ರೇ) ಇಟ್ಟರೆ ಮಗನಿಗೆ ಧೈರ್ಯ ಕೊಟ್ಟಂತಾಗದೇ?

ಉತ್ತರ: ಮನೆಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇದೆಯೆಂದು ಯಾರೂ ಬೆಂಕಿ ಹಚ್ಚುವುದಿಲ್ಲ. 2023ರಿಂದ ಅಮೆರಿಕದಲ್ಲಿ ಇದು ಚೀಟಿಯಿಲ್ಲದೆ ಸಿಗುತ್ತದೆ, ಇಂದೇ ತನ್ನಿ. ತುಟಿ ನೀಲಿಗಟ್ಟಿದೆ, ಗೊರಕೆಯಂಥ ಗೊರಗೊರ ಸದ್ದು, ಎದೆಮೂಳೆ ಉಜ್ಜಿದರೂ ಎಚ್ಚರವಿಲ್ಲ ಅಂದರೆ 911ಕ್ಕೆ ಕರೆ ಮಾಡಿ, ಕೂಡಲೇ ಸ್ಪ್ರೇ ಹಾಕಿ. ಮೂತಿಯನ್ನು ಒಂದು ಹೊಳ್ಳೆಯೊಳಗೆ ಪೂರ್ತಿ ತೂರಿಸಿ ಒಮ್ಮೆ ಒತ್ತಿ. ಪರೀಕ್ಷೆಗೆಂದು ಗಾಳಿಗೆ ಒತ್ತಿದರೆ ಮುಗಿಯಿತು, ಒಂದು ಸ್ಪ್ರೇಯಲ್ಲಿ ಇರುವುದು ಒಂದೇ ಡೋಸ್. ಆಮೇಲೆ ಐದು ಸೆಕೆಂಡಿಗೊಮ್ಮೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ಎರಡು-ಮೂರು ನಿಮಿಷದಲ್ಲಿ ಏಳದಿದ್ದರೆ ಇನ್ನೊಂದು ಹೊಳ್ಳೆಗೆ ಎರಡನೆಯದು. ಉಸಿರು ಮರಳಿದರೆ ಮಗ್ಗುಲಾಗಿ ಮಲಗಿಸಿ. ಎದ್ದು ಕೂತು ರೇಗಿದರೂ ಒಬ್ಬನನ್ನೇ ಬಿಡಬೇಡಿ. ಸ್ಪ್ರೇಯ ಶಕ್ತಿ 30ರಿಂದ 90 ನಿಮಿಷ ಮಾತ್ರ, ಅದು ಇಳಿದ ಮೇಲೆ ಉಸಿರು ಮತ್ತೆ ನಿಲ್ಲಬಹುದು.