ಹೋಸ್ ಮೇಲಿನ ರಬ್ಬರ್ ಸ್ಲೀವ್: ಹಾಕಬೇಕೋ, ತೆಗೆಯಬೇಕೋ

ಜಮಖಂಡಿ ಅಣ್ಣಾರ, ನಮಸ್ಕಾರ. ಸೆಕೆಂಡ್ ಹ್ಯಾಂಡ್ ಸ್ಕೂಬಾ ಡೈವಿಂಗ್ ರೆಗ್ಯುಲೇಟರ್ ಸೆಟ್ (ನೀರಿನ ಕೆಳಗೆ ಸಿಲಿಂಡರಿನ ಗಾಳಿ ಉಸಿರಾಡುವ ಸಾಮಾನು) ತಗೊಂಡೀರಿ, ನಾಲ್ಕೂ ಹೋಸಿನ ಬುಡಕ್ಕೆ ರಬ್ಬರ್ ಸ್ಲೀವ್, ಅಂದರೆ ಮೇಲಿನಿಂದ ತೊಡಿಸುವ ರಬ್ಬರ್ ಕೊಳವೆ, ಹಾಕಿಯೇ ಬಂದಿದೆ. ಒಬ್ಬರು ಇರಲಿ ಅಂದರು, ಇನ್ನೊಬ್ಬರು ಕಿತ್ತು ಒಗೆಯಿರಿ ಅಂದರು, ಯಾರ ಮಾತು ಕೇಳಲಿ ಅಂತ ಕೇಳೀರಿ. ನಿಮಗೆ ಬಂದ ಉತ್ತರಗಳಲ್ಲಿ ಒಬ್ಬರು ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಟ್ಯೂಬ್ ಏರಿಸಿಬಿಡ್ರಿ ಅಂತಲೂ ಬರೆದಾರೆ. ಅದೊಂದನ್ನು ಮಾತ್ರ ಮಾಡಬೇಡ್ರಿ, ಕಾರಣ ಕೆಳಗೆ ಹೇಳತೀನಿ.

ನನ್ನ ಹೊಟ್ಟೆಪಾಡೇ ಹೋಸು. ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಹೋಸ್ ಕ್ರಿಂಪ್ ಮಾಡುವ, ಅಂದರೆ ಹೋಸಿನ ತುದಿಗೆ ಲೋಹದ ಫಿಟ್ಟಿಂಗ್ ಒತ್ತಿ ಕೂರಿಸುವ ಕೆಲಸ. ಕಬ್ಬಿನ ಹಂಗಾಮು ಶುರುವಾದರೆ ಟ್ರ್ಯಾಲಿ ಜಾಕಿನ ಹೋಸ್ ಒಡೆದುಕೊಂಡು ಬರುವವರ ಸಾಲು ನಿಲ್ಲುವುದಿಲ್ಲ. ಕೈಗೆ ಬಂದ ಹೋಸುಗಳಲ್ಲಿ ನಟ್ಟನಡುವೆ ಒಡೆದವು ಕಡಿಮೆ. ಹೆಚ್ಚಿನವು ಫೆರೂಲ್ (ಹೋಸಿನ ತುದಿಗೆ ಒತ್ತಿ ಕೂರಿಸಿದ ಲೋಹದ ಬಳೆ) ಮುಗಿದು ರಬ್ಬರ್ ಶುರುವಾಗುವ ಗೆರೆಯಲ್ಲೇ ಸೀಳಿರುತ್ತವೆ. ಒಂದು ಬದಿಗೆ ಲೋಹ, ಅದು ಬಾಗುವುದಿಲ್ಲ. ಇನ್ನೊಂದು ಬದಿಗೆ ರಬ್ಬರ್, ಅದು ಬಾಗುತ್ತದೆ. ದಿನಾ ಬಾಗುವುದೆಲ್ಲ ಆ ಒಂದು ಗೆರೆಯ ಮೇಲೆ ಬೀಳುತ್ತದೆ. ಡೈವಿಂಗ್ ರೆಗ್ಯುಲೇಟರಿನ ಹೋಸೂ ಹೀಗೇ. ಸಿಲಿಂಡರಿಗೆ ಹಚ್ಚುವ ಭಾಗಕ್ಕೆ ಫಸ್ಟ್ ಸ್ಟೇಜ್ ಅಂತಾರೆ, ಎಲ್ಲ ಹೋಸೂ ಅಲ್ಲಿಂದಲೇ ಹೊರಡುತ್ತವೆ; ಅದರ ಬುಡದಲ್ಲಿ ಆ ಗೆರೆ ಸಾಯಬಾರದು ಅಂತಲೇ ಈ ಸ್ಲೀವ್ ಮಾಡಿದ್ದು. ಗೆರೆಯ ಮೇಲೆ ಕೂತು, ಬಾಗನ್ನು ಒಂದೇ ಕಡೆ ಬೀಳಲು ಬಿಡದೆ ನಾಲ್ಕು ಬೆರಳಿನ ಉದ್ದಕ್ಕೆ ಹಂಚುತ್ತದೆ. ಉದ್ದೇಶ ಸರಿಯಾಗಿಯೇ ಇದೆ.

ಆದರೂ ನಿಮ್ಮ ಸೆಟ್ಟಿನ ನಾಲ್ಕೂ ಸ್ಲೀವ್ ತೆಗೀರಿ ಅಂತಲೇ ನಾನು ಹೇಳುವುದು. ಯಾಕಂದರೆ ಅದು ಗೆರೆಯನ್ನು ಕಾಯುತ್ತಲೇ ನಿಮ್ಮ ಕಣ್ಣಿನಿಂದ ಮುಚ್ಚಿಡುತ್ತದೆ.

ನನ್ನ ಸೆಟ್ಟಿನ ಕತೆ ಕೇಳ್ರಿ. ಎರಡು ಹಂಗಾಮು ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್, ನಡುವೆ ಆಂಬೋಲಿ ಘಟ್ಟ ಇಳಿದು ಕೊಂಕಣದ ಮಾಲ್ವಣ. ಪ್ರತಿ ಸಲ ಮನೆಗೆ ಬಂದು ಬಕೀಟಿನಲ್ಲಿ ನೆನೆಸಿ, ತೊಳೆದು, ನೆರಳಿನಲ್ಲಿ ತೂಗುಹಾಕುತ್ತಿದ್ದೆ. ಎಲ್ಲ ಸರಿಯಾಗಿದೆ ಅಂದುಕೊಂಡಿದ್ದೆ. ಒಂದು ಮಳೆಗಾಲದಲ್ಲಿ ಸುಮ್ಮನೆ ಕೂತಾಗ, ಬಾಯಿಗೆ ಹಿಡಿಯುವ ರೆಗ್ಯುಲೇಟರಿನ ಹೋಸಿನ ಸ್ಲೀವನ್ನು ಹೆಬ್ಬೆರಳಿನಿಂದ ಹಿಂದಕ್ಕೆ ತಳ್ಳಿದೆ. ಸುಲಭಕ್ಕೆ ಸರಿಯಲಿಲ್ಲ, ಬಿಸಿನೀರು ಹಾಕಬೇಕಾಯಿತು. ಸರಿದಾಗ ಒಳಗಿನಿಂದ ಬಿಳಿ ಪುಡಿ ಉದುರಿತು, ಬೆರಳಿಗೆ ಹತ್ತಿದ್ದನ್ನು ನಾಲಿಗೆಗೆ ಮುಟ್ಟಿಸಿದರೆ ಉಪ್ಪು. ಫೆರೂಲಿನ ಕ್ರೋಮ್ ಅಲ್ಲಲ್ಲಿ ಎದ್ದು ಕೆಳಗಿನ ಹಿತ್ತಾಳೆಗೆ ಹಸಿರು ಕಿಲುಬು ಕಟ್ಟಿತ್ತು. ಹೋಸನ್ನು ತುಸು ಬಾಗಿಸಿದೆ. ಫೆರೂಲಿನ ಅಂಚಿಗೆ ಸರಿಯಾಗಿ, ಉಗುರು ಸಿಕ್ಕುವಷ್ಟು ಸೀಳು ಬಾಯಿ ಬಿಟ್ಟಿತು, ಒಳಗಿನ ನೂಲಿನ ಹೆಣಿಗೆ ಕಂಡಿತು. ಸಿಲಿಂಡರಿಗೆ ಹಚ್ಚಿ ಗಾಳಿ ಬಿಟ್ಟು ಬಕೀಟಿನಲ್ಲಿ ಮುಳುಗಿಸಿದರೆ ಅದೇ ಜಾಗದಿಂದ ಗುಳ್ಳೆ ಸಾಲುಗಟ್ಟಿ ಬರುತ್ತಿದ್ದವು. ಇದೇ ಹೋಸಿನಿಂದ ಉಸಿರಾಡುತ್ತ 20 ಮೀಟರ್ ಕೆಳಗೆ ಮೀನು ನೋಡುತ್ತ ನಿಂತಿದ್ದೆ ಅನ್ನುವುದು ನೆನಪಾಗಿ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತೊಳೆದ ನೀರು ಸ್ಲೀವಿನ ಒಳಗೆ ಹೋಗುವುದೇ ಇಲ್ಲ ಅಣ್ಣಾರ. ಸಮುದ್ರದಲ್ಲಿ ತಾಸುಗಟ್ಟಲೆ ಇದ್ದಾಗ ಉಪ್ಪುನೀರು ಸಂದಿಯಲ್ಲಿ ಇಳಿಯುತ್ತದೆ. ಮನೆಯ ಬಕೀಟಿನ ಹತ್ತು ನಿಮಿಷದಲ್ಲಿ ಅದು ಹೊರಗೆ ಬರುವುದಿಲ್ಲ. ನೀರು ಆರುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಮರಳು ಸೇರಿದರೆ ಕೆಳಗಿನ ರಬ್ಬರನ್ನು ಉಜ್ಜುವುದು ಬೇರೆ. ಸ್ಲೀವ್ ಹಳೆಯದಾಗಿ ಗಟ್ಟಿಯಾಗಿದ್ದರೆ ಇನ್ನೊಂದು ಕೆಡುಕು: ಫೆರೂಲಿನ ಅಂಚಿಗೆ ಬೀಳುತ್ತಿದ್ದ ಬಾಗು ಸ್ಲೀವಿನ ತುದಿಗೆ ಬೀಳುತ್ತದೆ. ಆಗ ಸೀಳುವ ಜಾಗ ನಾಲ್ಕು ಬೆರಳು ಮುಂದೆ ಹೋಯಿತು, ಅಷ್ಟೇ.

ಯಾವ ಹೋಸಿಗೆ ಹೆಚ್ಚು ಅಂಜಬೇಕು ಅನ್ನುವುದನ್ನೂ ಇಲ್ಲೇ ಹೇಳಿಬಿಡತೀನಿ. ಹೊಸಬರು ಬಹಳ ಮಂದಿ ಇದನ್ನು ತಿರುಗಾಮುರುಗಾ ತಿಳಿದಿರುತ್ತಾರೆ. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ತೋರಿಸುವ ಗೇಜಿಗೆ ಹೋಗುವ ಹೈ ಪ್ರೆಶರ್ ಹೋಸಿನಲ್ಲಿ ಸಿಲಿಂಡರಿನ ಪೂರ್ತಿ ಒತ್ತಡ, ಸುಮಾರು 200 ಬಾರ್. ಟ್ರ್ಯಾಲಿ ಎತ್ತುವ ಜಾಕಿನ ಎಣ್ಣೆಯ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಅದಕ್ಕೇ ಈ ಅಂಕಿ ಕೇಳಿದರೆ ನಮ್ಮ ಕಡೆಯವರಿಗೆ ಎದೆ ಝಲ್ ಅನ್ನುತ್ತದೆ. ಆದರೆ ಆ ಹೋಸು ಫಸ್ಟ್ ಸ್ಟೇಜಿಗೆ ಕೂಡುವಲ್ಲಿ ಗಾಳಿ ದಾಟಲು ಸೂಜಿಮೊನೆಯಷ್ಟೇ ತೂತು ಇಟ್ಟಿರುತ್ತಾರೆ. ಒಡೆದರೂ ಗಾಳಿ ನಿಧಾನ ಸೋರುತ್ತದೆ, ಜೊತೆಗಾರನನ್ನು ಕರೆದುಕೊಂಡು ಸಮಾಧಾನವಾಗಿ ಮೇಲೆ ಬರಲು ಹೊತ್ತು ಸಿಗುತ್ತದೆ. ಬಾಯಿಗೆ ಗಾಳಿ ತರುವಂಥ ಲೋ ಪ್ರೆಶರ್ ಹೋಸು ಹಂಗಲ್ಲ. ಅದರಲ್ಲಿ ಸುತ್ತಲಿನ ನೀರಿನ ಒತ್ತಡಕ್ಕಿಂತ 9–10 ಬಾರ್ ಮಾತ್ರ ಹೆಚ್ಚಿರುತ್ತದೆ, ದಾರಿ ಮಾತ್ರ ಅಗಲ. 11 ಲೀಟರ್ ಸಿಲಿಂಡರಿಗೆ 200 ಬಾರ್ ತುಂಬಿದರೆ ಒಳಗಿರುವುದು ಸುಮಾರು 2200 ಲೀಟರ್ ಗಾಳಿ. ಲೋ ಪ್ರೆಶರ್ ಹೋಸು ಪೂರ್ತಿ ಹರಿದರೆ ಅದು ಕೆಲವೇ ನಿಮಿಷದಲ್ಲಿ ಖಾಲಿ. ಆದ್ದರಿಂದ ಮೊದಲು ನೋಡಬೇಕಾದ್ದು ಬಾಯಿಗೆ ಹಿಡಿಯುವ ಹೋಸು, ಆಮೇಲೆ ಆಕ್ಟೋಪಸ್ಸಿನದು (ಜೊತೆಗಾರನಿಗೆ ಬೇಕಾದರೆ ಕೊಡುವ ಹೆಚ್ಚುವರಿ ರೆಗ್ಯುಲೇಟರ್), ತೇಲಲು ತೊಡುವ ಜಾಕೆಟ್ಟಿಗೆ ಗಾಳಿ ತುಂಬುವುದು. ಗೇಜಿನದು ಕಡೆಗೆ.

ನಿಜವಾದ ಮದ್ದು ಹೋಸು ಹೊರಡುವ ದಿಕ್ಕಿನಲ್ಲಿದೆ. ಅಂಗಡಿಯಲ್ಲಿ ನಾವು ಪಾಲಿಸುವ ಲೆಕ್ಕ ಏನಂದರೆ, ಫೆರೂಲ್ ಬಿಟ್ಟ ಮೇಲೆ ಹೋಸಿನ ದಪ್ಪದ ಒಂದೂವರೆ–ಎರಡು ಪಟ್ಟಾದರೂ ನೇರ ಹೋಗಬೇಕು, ಬಾಗು ಏನಿದ್ದರೂ ಅದರ ನಂತರ. ಸೆಟ್ಟನ್ನು ಸಿಲಿಂಡರಿಗೆ ಹಚ್ಚಿ, ಜಾಕೆಟ್ ತೊಟ್ಟು, ಕನ್ನಡಿ ಮುಂದೆ ನಿಂತು ತಲೆ ಎರಡೂ ಕಡೆ ತಿರುಗಿಸ್ರಿ. ಯಾವ ಹೋಸು ಬುಡದಲ್ಲೇ ಮಡಚುತ್ತದೋ ಅದಕ್ಕೆ ಬೇರೆ ಪೋರ್ಟ್ (ಫಸ್ಟ್ ಸ್ಟೇಜಿನಲ್ಲಿ ಹೋಸು ಕೂಡುವ ತೂತು) ಬೇಕು, ಇಲ್ಲವೇ ತುಸು ಉದ್ದದ ಹೋಸು ಬೇಕು. ಗೇಜಿನ ಹೋಸು ನೆಟ್ಟಗೆ ಪಕ್ಕಕ್ಕೆ ಚಾಚಿ ಆಮೇಲೆ ಚೂಪಾಗಿ ಕೆಳಗೆ ಬೀಳುತ್ತಿದ್ದರೆ, ಕೆಳಮುಖದ ಪೋರ್ಟಿಗೆ ಬದಲಿಸಿದರೆ ಅರ್ಧ ತೊಂದರೆ ಅಲ್ಲಿಗೇ ತೀರಿತು. ಎರಡು ಬಗೆಯ ಪೋರ್ಟಿನ ಎಳೆ (ಥ್ರೆಡ್) ಬೇರೆ ಬೇರೆ, ಲೋ ಪ್ರೆಶರಿನದು 3/8 ಇಂಚು, ಹೈ ಪ್ರೆಶರಿನದು 7/16. ತಪ್ಪಿ ಅದಲುಬದಲು ಮಾಡಲು ಬರುವುದಿಲ್ಲ. ಸ್ಪ್ಯಾನರ್ ಮುಟ್ಟುವ ಮುಂಚೆ ಸಿಲಿಂಡರ್ ಬಂದ್ ಮಾಡಿ ಒಳಗಿನ ಗಾಳಿ ಪೂರ್ತಿ ಬಿಟ್ಟಿರಬೇಕು. ಗಾಳಿ ತಡೆಯುವುದು ಓ-ರಿಂಗ್ ಅನ್ನುವ ರಬ್ಬರ್ ಬಳೆ, ಎಳೆಯಲ್ಲ. ಅದಕ್ಕೇ ಟ್ರ್ಯಾಕ್ಟರ್ ನಟ್ಟಿನ ಹಾಗೆ ಮೈಯೆಲ್ಲ ಹಾಕಿ ಬಿಗಿಯಬಾರದು. ಕೈ ರೂಢಿ ಇಲ್ಲದಿದ್ದರೆ ಸರ್ವಿಸ್ ಮಾಡುವವರಿಂದಲೇ ಮಾಡಿಸ್ರಿ.

ಇದಿಷ್ಟಾದ ಮೇಲೂ ಸ್ಲೀವ್ ಬೇಕು ಅನಿಸುವ ಒಂದು ಸಂದರ್ಭ ಉಂಟು. ದೋಣಿಯ ಮೇಲೆ ಹತ್ತು ಜನರ ಸಾಮಾನು ಒಂದರ ಮೇಲೊಂದು ಬಿದ್ದಿರುತ್ತದೆ, ಯಾರೋ ಬಂದು ಸಿಲಿಂಡರನ್ನು ರೆಗ್ಯುಲೇಟರ್ ಹಿಡಿದೇ ಎತ್ತಿಬಿಡುತ್ತಾರೆ. ಅಂಥ ಕಡೆ ಮೆತ್ತನೆಯ, ತುದಿಗೆ ಸಣ್ಣಗಾಗುತ್ತ ಹೋಗುವ ಹೊಸ ಸ್ಲೀವ್ ಹೋಸನ್ನು ಉಳಿಸಬಹುದು. ಹಾಕುವುದಾದರೆ ಸಾಬೂನು ನೀರು ಸವರಿ ಏರಿಸ್ರಿ, ಗ್ರೀಸು, ಎಣ್ಣೆ ಮುಟ್ಟಿಸಬೇಡ್ರಿ. ಪ್ರತಿ ಸಲ ತೊಳೆಯುವಾಗ ಹಿಂದಕ್ಕೆ ಸರಿಸಿ ಫೆರೂಲ್ ತೊಳೆದು, ಪೂರ್ತಿ ಆರುವ ತನಕ ಹಿಂದೆಯೇ ಬಿಡ್ರಿ. ಕೈಯಿಂದ ಸರಿಯದಷ್ಟು ಬಿಗಿಯಾದ ಸ್ಲೀವ್ ನಿಮಗೆ ಬೇಡ.

ಹೀಟ್ ಶ್ರಿಂಕ್ ಬೇಡ ಅಂದದ್ದಕ್ಕೆ ಕಾರಣ ಎರಡು. ಅದನ್ನು ಕುಗ್ಗಿಸಲು ಬಿಸಿಗಾಳಿ ಹಿಡಿಯಬೇಕು, ಉಸಿರಿನ ಹೋಸಿಗೆ ಆ ಕಾವು ಒಳ್ಳೆಯದಲ್ಲ. ಕುಗ್ಗಿದ ಮೇಲೆ ಚಾಕುವಿನಿಂದ ಕೊಯ್ಯದೆ ಅದು ಬರುವುದಿಲ್ಲ, ಅಂದರೆ ಒಳಗೆ ಏನಾಗಿದೆ ಅಂತ ಎಂದೂ ನೋಡುವುದಿಲ್ಲ. ಜೆಸಿಬಿ ಹೋಸಿಗೆ ಸುತ್ತುವ ಪ್ಲಾಸ್ಟಿಕ್ ಸ್ಪೈರಲ್ ನನ್ನ ಅಂಗಡಿಯಲ್ಲೇ ರಾಶಿ ಬಿದ್ದಿದೆ, ಅದೂ ಇಲ್ಲಿಗೆ ತೀರ ಗಟ್ಟಿ.

ನಿಮ್ಮ ಸೆಟ್ಟಿನಲ್ಲಿ ರಬ್ಬರ್ ಬದಲು ಬಟ್ಟೆಯಂತೆ ಹೆಣೆದ ಹೊರಮೈಯ ಹೋಸು ಇದ್ದರೆ ಇನ್ನಷ್ಟು ಎಚ್ಚರ. ಅವು ಹಗುರ, ಚೆನ್ನಾಗಿ ಬಾಗುತ್ತವೆ. ಆದರೆ ಅಂಥ ಕೆಲವು ಹೋಸುಗಳ ಒಳಪದರದ ಪಾಲಿಯುರೆಥೇನ್ ಶಾಖ, ತೇವಕ್ಕೆ ಕೆಟ್ಟು, ಹರಳುಗಟ್ಟಿ, ಗಾಳಿಯ ದಾರಿಯನ್ನೇ ಮುಚ್ಚಿದ ಉದಾಹರಣೆಗಳಿವೆ. ಹೊರಗೆ ಏನೂ ಕಾಣುವುದಿಲ್ಲ. ಯಾವ ಸ್ಲೀವೂ ಇದನ್ನು ತಡೆಯುವುದಿಲ್ಲ. ಹಳೆಯ ಹೆಣೆದ ಹೋಸು ಇದ್ದರೆ ವಾದ ಬೇಡ, ಬದಲಿಸ್ರಿ.

ನಮ್ಮ ಕಡೆಯ ಬಿಸಿಲಿನ ಬಗ್ಗೆಯೂ ಒಂದು ಮಾತು. ಬಾಗಲಕೋಟೆ, ವಿಜಯಪುರದಲ್ಲಿ ಏಪ್ರಿಲ್–ಮೇ ಅಂದರೆ 40 ಡಿಗ್ರಿ. ಕಾರಿನ ಡಿಕ್ಕಿಯಲ್ಲಿ ಸೆಟ್ ಬಿಟ್ಟರೆ ಹೋಸು ಬೆಂದಹಾಗೆಯೇ. ಮನೆಯೊಳಗೆ, ಅಗಲ ಸುತ್ತು ಹಾಕಿ ಇಡ್ರಿ. ಬೋರ್‌ವೆಲ್ಲಿನ ಗಡಸು ನೀರಿನಿಂದ ತೊಳೆದರೆ ಬಿಳಿ ಕಲೆ ಕೂರುತ್ತದೆ, ಉಪ್ಪೋ ಸುಣ್ಣವೋ ಗೊತ್ತಾಗುವುದಿಲ್ಲ. ಕೊನೆಯ ಒಂದು ಬಕೀಟು ನದಿ ನೀರೋ ಫಿಲ್ಟರ್ ನೀರೋ ಇರಲಿ. ನೆನೆಸುವಾಗ ಫಸ್ಟ್ ಸ್ಟೇಜಿನ ಬಾಯಿ ಮುಚ್ಚುವ ಡಸ್ಟ್ ಕ್ಯಾಪ್ ಬಿಗಿಯಾಗಿರಬೇಕು, ಬಾಯಿಗೆ ಹಿಡಿಯುವ ರೆಗ್ಯುಲೇಟರಿನ ಮುಂದಿನ ಪರ್ಜ್ ಬಟನ್ ಒತ್ತಬಾರದು. ಒತ್ತಿದರೆ ನೀರು ಹೋಸಿನೊಳಗೆ ಇಳಿಯುತ್ತದೆ.

ಈಗ ಮಾಡಬೇಕಾದ್ದು: ನಾಲ್ಕೂ ಸ್ಲೀವ್ ಹಿಂದಕ್ಕೆ ಸರಿಸಿ ಫೆರೂಲಿನ ಅಂಚಿಗೆ ಹೋಸು ಬಾಗಿಸಿ ಬೆಳಕಿಗೆ ಹಿಡೀರಿ. ಹೋಸಿನ ಮೈಮೇಲೆ ತಯಾರಾದ ವರ್ಷ ಅಚ್ಚಾಗಿದ್ದರೆ ಬರೆದುಕೊಳ್ಳಿ. ಗಾಳಿ ಕೊಟ್ಟು ನೀರಿನಲ್ಲಿ ಮುಳುಗಿಸಿದಾಗ ಕೆಲವು ರಬ್ಬರ್ ಹೋಸಿನ ಮೈಯಿಂದ ಅಲ್ಲೊಂದು ಇಲ್ಲೊಂದು ಸಣ್ಣ ಗುಳ್ಳೆ ಏಳಬಹುದು. ಪದರದ ನಡುವೆ ನುಸುಳಿದ ಗಾಳಿ ಹೊರಹೋಗಲಿ ಅಂತ ಹೊರಮೈಗೆ ಸೂಜಿತೂತು ಬಿಟ್ಟಿರುತ್ತಾರೆ, ಅದಕ್ಕೆ ಗಾಬರಿ ಬೇಡ. ಫೆರೂಲಿನ ಬುಡದಿಂದ ಸಾಲಾಗಿ ಬಂದರೆ ಆ ಹೋಸಿನಿಂದ ಮತ್ತೆ ಇಳಿಯಬೇಡ್ರಿ. ನಾಲ್ಕೂ ಫೆರೂಲಿನ ಫೋಟೊ ಇಲ್ಲೇ ಹಾಕ್ರಿ, ಬೆಳಗಾವಿಗೆ ಬರುವುದಿದ್ದರೆ ಸೆಟ್ಟನ್ನೇ ತರ್ರಿ. ಮಳೆಗಾಲ ಮುಗಿದು ನೇತ್ರಾಣಿಗೆ ದೋಣಿ ಬಿಡುವ ಮೊದಲು ಬಕೀಟು ಇಟ್ಟುಕೊಂಡು ಕೂಡಿಯೇ ನೋಡೋಣ.