ಕೋರ್ಟಿನ ಕಾಗದ ಬಂದರೆ ಸುಮ್ಮನಿರಬೇಡಿ

ಪ್ರಶ್ನೆ: ಮಗ ಎಚ್‌-1ಬಿ ಉದ್ಯೋಗ ವೀಸಾದಲ್ಲಿ ನ್ಯೂಜೆರ್ಸಿಯಲ್ಲಿದ್ದಾನೆ. ಜ್ಯೂರಿ ಡ್ಯೂಟಿಗೆ ಬರಬೇಕೆಂದು ಅಲ್ಲಿನ ಕೋರ್ಟಿನಿಂದ ಸಮನ್ಸ್ ಬಂದಿದೆಯಂತೆ. ‘ನಾವು ಹೊರದೇಶದವರು, ಹರಿದು ಹಾಕು’ ಅಂತ ಗೆಳೆಯರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?
– ಒಬ್ಬ ತಾಯಿ, ಗಂಗಾವತಿ

ಉತ್ತರ: ಖಂಡಿತ ಬೇಡ. ಜ್ಯೂರಿ ಎಂದರೆ ವಿಚಾರಣೆ ಕೇಳಿ ತೀರ್ಮಾನ ಹೇಳಲು ಕೋರ್ಟು ಕರೆಸುವ ಜನಸಾಮಾನ್ಯರ ಗುಂಪು. ಅದರಲ್ಲಿ ಕೂರುವ ಹೊಣೆ ಅಮೆರಿಕದ ಪ್ರಜೆಗಳದ್ದು ಮಾತ್ರ. ವೀಸಾದವರು ಹಾಗಿರಲಿ, ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಇದ್ದವರೂ ಕೂರುವಂತಿಲ್ಲ. ಆದರೂ ಸಮನ್ಸ್ ಬರುತ್ತದೆ. ಮತದಾರರ ಪಟ್ಟಿಯ ಜೊತೆಗೆ ಡ್ರೈವಿಂಗ್ ಲೈಸೆನ್ಸ್ ಪಡೆದವರ, ಆದಾಯ ತೆರಿಗೆ ಸಲ್ಲಿಸಿದವರ ಪಟ್ಟಿಗಳಿಂದಲೂ ಅಲ್ಲಿ ಹೆಸರು ಎತ್ತುತ್ತಾರೆ. ನಿಮ್ಮ ಮಗ ಪ್ರಜೆಯಲ್ಲ ಎಂಬುದು ಅವನೇ ತಿಳಿಸುವವರೆಗೆ ಕೋರ್ಟಿಗೆ ಗೊತ್ತಾಗುವುದಿಲ್ಲ. ಉತ್ತರ ಬರದಿದ್ದರೆ ‘ಕರೆದರೂ ಬಾರದವನು’ ಎಂದೇ ದಾಖಲಾಗುತ್ತದೆ. ಅಲ್ಲಿನ ಫೆಡರಲ್ (ಕೇಂದ್ರದ) ಕೋರ್ಟುಗಳಲ್ಲಿ ಇದಕ್ಕೆ 1,000 ಡಾಲರ್‌ವರೆಗೆ ದಂಡ, 3 ದಿನದವರೆಗೆ ಜೈಲು ವಿಧಿಸಬಹುದು. ರಾಜ್ಯಗಳ ಕೋರ್ಟುಗಳಿಗೆ ಅವುಗಳದೇ ಕಾನೂನು ಇದೆ.

ಸಮನ್ಸ್ ಜೊತೆಗೆ ಪ್ರಶ್ನಾವಳಿ ಇರುತ್ತದೆ. ‘ಅಮೆರಿಕದ ಪ್ರಜೆಯೇ?’ ಎಂಬಲ್ಲಿ ‘ಅಲ್ಲ’ ಎಂದು ಗುರುತು ಮಾಡಿ, ಅದರಲ್ಲಿ ಕೊಟ್ಟ ಗಡುವಿನೊಳಗೆ ಆನ್‌ಲೈನ್‌ನಲ್ಲೋ ಅಂಚೆಯಲ್ಲೋ ಕಳಿಸಲಿ. ಪುರಾವೆ ಕೇಳಿದರೆ ವೀಸಾದ ಪ್ರತಿ ಕೊಡಲಿ. ತುಂಬಿದ ಫಾರ್ಮಿನ ಒಂದು ಪ್ರತಿ ತನ್ನ ಹತ್ತಿರ ಇರಲಿ.

ನಮಗೆ ಹೆಚ್ಚು ಆತಂಕ ತರುವ ತಪ್ಪು ಬೇರೆ. ಅವಸರದಲ್ಲಿ ‘ಹೌದು’ ಎಂದು ಗುರುತು ಹಾಕಿ ಸಹಿ ಮಾಡುವವರಿದ್ದಾರೆ. ಪ್ರಜೆಯಲ್ಲದವರು ಪ್ರಜೆಯೆಂದು ಹೇಳಿಕೊಳ್ಳುವುದು ಅಲ್ಲಿನ ವಲಸೆ ಕಾನೂನಿನಲ್ಲಿ ಭಾರೀ ತಪ್ಪು. ಮುಂದೆ ಗ್ರೀನ್ ಕಾರ್ಡಿಗೇ ಕುತ್ತು ಬರಬಹುದು, ದೇಶದಿಂದ ಹೊರಹಾಕಲೂಬಹುದು. ಹಾಗೇನಾದರೂ ಆಗಿದ್ದರೆ ತಡಮಾಡದೆ ವಲಸೆ ವಕೀಲರನ್ನು ಕಾಣಲಿ.

‘ಜ್ಯೂರಿಗೆ ಬರಲಿಲ್ಲ, ಈಗಲೇ ದಂಡ ಕಟ್ಟಿ’ ಎಂದು ಫೋನ್ ಮಾಡುವವರು ಮೋಸಗಾರರು. ಕೋರ್ಟು ಫೋನಿನಲ್ಲಿ ಹಣ ಕೇಳುವುದಿಲ್ಲ.

ಪ್ರಶ್ನೆ: ಮೂರು ವರ್ಷದ ಹಿಂದೆ ಬೈಕ್ ಅಪಘಾತದ ಪಂಚನಾಮೆಗೆ ಸಹಿ ಹಾಕಿದ್ದೆ. ಈಗ ಸಾಕ್ಷಿ ಹೇಳಲು ಸಮನ್ಸ್ ಬಂದಿದೆ. ಭತ್ತದ ಕೊಯ್ಲಿನ ಹೊತ್ತು. ಹೋಗದಿದ್ದರೆ?
– ಒಬ್ಬ ರೈತರು, ಸಿಂಧನೂರು

ಉತ್ತರ: ನಮ್ಮ ದೇಶದಲ್ಲಿ ಕ್ರಿಮಿನಲ್ ಕೇಸುಗಳ ಜ್ಯೂರಿ ಪದ್ಧತಿ 1973ರ ದಂಡ ಪ್ರಕ್ರಿಯಾ ಸಂಹಿತೆಯೊಂದಿಗೆ ಪೂರ್ತಿ ಹೋಯಿತು, ಸಾಕ್ಷಿಯ ಹೊಣೆ ಹೋಗಿಲ್ಲ. ಸಮನ್ಸ್ ತಲುಪಿಯೂ ಕಾರಣವಿಲ್ಲದೆ ಹೋಗದಿದ್ದರೆ ಸಾಮಾನ್ಯವಾಗಿ ವಾರಂಟ್ ಹೊರಡುತ್ತದೆ. ಭಾರತೀಯ ನ್ಯಾಯ ಸಂಹಿತೆಯ 208ನೇ ಕಲಮಿನಡಿ 6 ತಿಂಗಳವರೆಗೆ ಸಾದಾ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಕಾಗದದಲ್ಲಿ ಕೇಸ್ ನಂಬರ್, ಕೋರ್ಟಿನ ಹೆಸರು, ತಾರೀಖು ನೋಡಿಕೊಳ್ಳಿ. ಆ ದಿನ ನಿಜಕ್ಕೂ ಆಗದಿದ್ದರೆ ಮುಂಚೆಯೇ ಸರ್ಕಾರಿ ಅಭಿಯೋಜಕರನ್ನು (ಪಬ್ಲಿಕ್ ಪ್ರಾಸಿಕ್ಯೂಟರ್) ಕಂಡು, ಕಾರಣ ಬರೆದ ಅರ್ಜಿ ಕೊಡಿ. ಕಾಯಿಲೆಯಿದ್ದರೆ ವೈದ್ಯರ ಸರ್ಟಿಫಿಕೇಟ್ ಲಗತ್ತಿಸಿ. ಕೊಯ್ಲಿನ ಕಾರಣವನ್ನು ಒಪ್ಪುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು. ಅರ್ಜಿ ಕೊಟ್ಟೆನೆಂದು ಮನೆಯಲ್ಲಿ ಕೂರಬೇಡಿ, ಏನಾಯಿತೆಂದು ವಿಚಾರಿಸಿ.

ಹೋದ ದಿನ ಕೇಸ್ ಮುಂದಕ್ಕೆ ಹೋದರೆ ಮುಂದಿನ ತಾರೀಖು ಬರೆದುಕೊಳ್ಳಿ. ‘ಆ ದಿನ ಬರುತ್ತೇನೆ’ ಎಂದು ಮುಚ್ಚಳಿಕೆ ಬರೆಸಿಕೊಂಡಿದ್ದರೆ ಮತ್ತೊಂದು ಸಮನ್ಸಿಗೆ ಕಾಯಬಾರದು. ಎಷ್ಟೋ ಸಾಕ್ಷಿಗಳ ಮೇಲೆ ವಾರಂಟ್ ಆಗುವುದು ಇಲ್ಲಿಯೇ.

ಬಸ್ ಟಿಕೆಟ್ ಇಟ್ಟುಕೊಂಡು ಸಾಕ್ಷಿ ಭತ್ಯೆ ಕೇಳಿ. ಕ್ರಿಮಿನಲ್ ಕೇಸಿನಲ್ಲಿ ಅದನ್ನು ಸರ್ಕಾರದಿಂದ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. ನೀವು ಆರೋಪಿಯಲ್ಲ, ವಕೀಲರನ್ನು ಇಟ್ಟುಕೊಳ್ಳಬೇಕಿಲ್ಲ. ಕಂಡದ್ದನ್ನು ಹೇಳಿ, ನೆನಪಿಲ್ಲದ್ದನ್ನು ನೆನಪಿಲ್ಲ ಎನ್ನಿ. ಏನಾದರೂ ತೊಡಕಾದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ.